ಒಂದೇ ಒಂದು ಎಪಿಸೋಡ್ ತೋರಿಸಬೇಕಾದರೆ ಯಾವುದು ಹಾಕುತ್ತೀರಿ?

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಗೆಳೆಯ ರಾತ್ರಿ ಮನೆಗೆ ಬಂದಿದ್ದ. ‘ಬ್ರೇಕಿಂಗ್ ಬ್ಯಾಡ್’ ಅನ್ನುವ ಅಮೆರಿಕನ್ ಸೀರೀಸ್ ಬಗ್ಗೆ ನಾನು ಅವನ ಮುಂದೆ ಸಿಕ್ಕಾಪಟ್ಟೆ ಹೊಗಳಿದ್ದೆ. ಅವನು ಒಂದು ನಿಮಿಷವೂ ನೋಡಿರಲಿಲ್ಲ. "ಸರಿ ಮಾರಾಯ, ಅದರಲ್ಲಿ ಬೆಸ್ಟ್ ಯಾವುದೋ ಅದೊಂದು ಹಾಕು" ಅಂದ. ಹಿಂದೆಮುಂದೆ ಯೋಚಿಸದೆ ‘ಒಝಿಮಾಂಡಿಯಸ್’ ಹಾಕಿಬಿಟ್ಟೆ. ಐದನೇ ಸೀಸನ್ನಿನ 14ನೇ ಎಪಿಸೋಡ್, 2013ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ನೋಡಿದವರು ಅಂಕ ಕೊಡುವ ಐಎಂಡಿಬಿ ವೆಬ್‌ಸೈಟಿನಲ್ಲಿ ವರ್ಷಗಟ್ಟಲೆ ಹತ್ತಕ್ಕೆ ಹತ್ತು ಅಂಕ ಹಿಡಿದುಕೊಂಡು ಕೂತಿದ್ದದ್ದು. ಇದಕ್ಕಿಂತ ಬೆಸ್ಟ್ ಎಲ್ಲಿಂದ ತರೋದು? ಹದಿನೈದು ನಿಮಿಷ ಆಗುವಷ್ಟರಲ್ಲಿ ಅವನು ನಾಲ್ಕು ಸಲ "ಇವನ್ಯಾರು?" ಅಂತ ಕೇಳಿದ. ನನಗೆ ಗಂಟಲು ಕಟ್ಟಿ ಬಂದಿತ್ತು, ಅವನು ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದ. ಮುಗಿದ ಮೇಲೆ "ಚೆನ್ನಾಗಿದೆ, ಆದರೆ ಎಲ್ಲರೂ ಯಾಕೆ ಅಷ್ಟೊಂದು ಕೂಗಾಡ್ತಾರೆ?" ಅಂದ. ನಾನು ಟಿವಿ ಆಫ್ ಮಾಡಿದೆ.

ಅವನ ತಪ್ಪೇನೂ ಇರಲಿಲ್ಲ. ನಾವು ಸೀರಿಯಲ್ಲಿನ ಭಾಗಕ್ಕೂ ಕಂತು ಅನ್ನುತ್ತೇವೆ, ಸಾಲ ತೀರಿಸುವ ದುಡ್ಡಿಗೂ ಕಂತು ಅನ್ನುತ್ತೇವೆ. ಆ ರಾತ್ರಿ ನನಗೆ ಎರಡೂ ಒಂದೇ ಅನ್ನಿಸಿತು. ನಾನು ಹಾಕಿದ್ದು 60ನೇ ಕಂತು. ನಾನು 59 ಕಟ್ಟಿ ಕೂತಿದ್ದೆ, ಅವನು ಒಂದೂ ಕಟ್ಟಿರಲಿಲ್ಲ. ಅವನಿಗೆ ಮನೆ ಬರೆದುಕೊಡು ಅಂದರೆ ಯಾರು ಕೊಡುತ್ತಾರೆ?

ಆಮೇಲಿಂದ ಯಾರಿಗಾದರೂ ಒಂದು ಎಪಿಸೋಡ್ ತೋರಿಸುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ನೋಡುವವರಿಂದ ಮೊದಲೇ ಎಷ್ಟು ಕಂತು ಕೇಳುತ್ತದೆ? ಅದೇ ಲೆಕ್ಕದಲ್ಲಿ ಒಂದಷ್ಟು ಸೀರೀಸ್‌ಗಳ ಎಪಿಸೋಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಕಥೆಯ ಗುಟ್ಟು ಆದಷ್ಟೂ ಬಿಟ್ಟುಕೊಟ್ಟಿಲ್ಲ, ಯಾರು ಸಾಯುತ್ತಾರೆ ಅಂತ ಎಲ್ಲೂ ಹೇಳಿಲ್ಲ. ಅಭಿಪ್ರಾಯ ಪೂರ್ತಿ ನನ್ನದು, ಜಗಳಕ್ಕೆ ಬರಬಹುದು.

ಮೊದಲು ಆ ಸೀರೀಸನ್ನೇ ಮುಗಿಸಿಬಿಡೋಣ

‘ಬ್ರೇಕಿಂಗ್ ಬ್ಯಾಡ್’ನಲ್ಲಿ ಒಟ್ಟು 62 ಎಪಿಸೋಡ್. ಹೊಸಬರಿಗೆ ತೋರಿಸುವಾಗ ನನ್ನ ಮುಂದೆ ಮೂರು ಇರುತ್ತವೆ: ಪೈಲಟ್ ಅಂದರೆ ಮೊಟ್ಟಮೊದಲನೆಯದು, ಮೂರನೇ ಸೀಸನ್ನಿನ ‘ಫ್ಲೈ’, ಮತ್ತೆ ಆ ‘ಒಝಿಮಾಂಡಿಯಸ್’.

ಪೈಲಟ್ ಬಂದದ್ದು 2008ರ ಜನವರಿಯಲ್ಲಿ. ಮರುಭೂಮಿಯ ಗಾಳಿಯಲ್ಲಿ ಒಂದು ಖಾಲಿ ಪ್ಯಾಂಟ್ ತೇಲಿಕೊಂಡು ಬಂದು ಮಣ್ಣಿಗೆ ಬೀಳುತ್ತದೆ. ಅದರ ಮೇಲೆಯೇ ಒಂದು ದೊಡ್ಡ ವ್ಯಾನ್ ಹಾದುಹೋಗುತ್ತದೆ, ಓಡಿಸುತ್ತಿರುವವನು ಬರೀ ಚಡ್ಡಿಯಲ್ಲಿದ್ದಾನೆ, ಮುಖಕ್ಕೆ ಗ್ಯಾಸ್ ಮಾಸ್ಕ್. ಯಾಕೆ, ಏನು ಅಂತ ಗೊತ್ತಾಗಬೇಕಾದರೆ ಒಂದು ಗಂಟೆ ಕೂರಲೇಬೇಕು. ಕೆಮಿಸ್ಟ್ರಿ ಮೇಷ್ಟ್ರು, 50 ತುಂಬಿದೆ, ಕ್ಯಾನ್ಸರ್, ಕೈಯಲ್ಲಿ ಕಾಸಿಲ್ಲ. ಇದನ್ನೆಲ್ಲ ಉದ್ದುದ್ದ ಮಾತಿನಲ್ಲಿ ಹೇಳುವುದಿಲ್ಲ. ಸಂಜೆ ಕಾರು ತೊಳೆಯುವ ಕಡೆ ಎರಡನೇ ಕೆಲಸ ಮಾಡುವ ಆ ಮೇಷ್ಟ್ರು ತನ್ನ ಶಿಷ್ಯನದೇ ಕಾರಿನ ಚಕ್ರ ಉಜ್ಜುತ್ತಾ ಮಂಡಿಯೂರಿ ಕೂತಿರುವುದನ್ನು ತೋರಿಸುತ್ತಾರೆ, ಮುಗಿಯಿತು. ಇದು ಒಂದು ಕಂತೂ ಕೇಳುವುದಿಲ್ಲ. ಹೊಸಬರಿಗೆ ಇದನ್ನೇ ಹಾಕಿ, ಬೇರೆ ಯೋಚನೆಯೇ ಬೇಡ.

‘ಫ್ಲೈ’ ಕಥೆ ವಿಚಿತ್ರ. 2010ರಲ್ಲಿ ಬಂತು. ದುಡ್ಡು ಬಜೆಟ್ ಮೀರಿ ಹೋಗಿದ್ದರಿಂದ ಇರುವ ಸೆಟ್ಟಲ್ಲೇ, ಇರುವ ಇಬ್ಬರು ನಟರನ್ನೇ ಇಟ್ಟುಕೊಂಡು ಒಂದು ಎಪಿಸೋಡ್ ಎಳೆದರು. ಇಂಥದ್ದಕ್ಕೆ ಬಾಟಲ್ ಎಪಿಸೋಡ್ ಅನ್ನುತ್ತಾರೆ. ಲ್ಯಾಬಿನೊಳಗೆ ಒಂದು ನೊಣ ಸೇರಿಕೊಂಡಿದೆ, ಇಬ್ಬರೂ ರಾತ್ರಿಯೆಲ್ಲ ಅದರ ಹಿಂದೆ ಬೀಳುತ್ತಾರೆ, ಅಷ್ಟೇ ಕಥೆ. ಇಡೀ ಸೀರೀಸಿನಲ್ಲಿ ಐಎಂಡಿಬಿ ಅಂಕ ಎಲ್ಲಕ್ಕಿಂತ ಕಮ್ಮಿ ಇರುವುದು ಇದಕ್ಕೇ. ಮಜಾ ಏನಂದರೆ ಇದರ ನಿರ್ದೇಶಕ ರಿಯಾನ್ ಜಾನ್ಸನ್, ‘ಒಝಿಮಾಂಡಿಯಸ್’ ನಿರ್ದೇಶಕನೂ ಅವನೇ. ಪಟ್ಟಿಯ ತಳವೂ ಅವನದು, ತುದಿಯೂ ಅವನದು.

ನನಗೆ ‘ಫ್ಲೈ’ ತುಂಬಾ ಇಷ್ಟ. ಮಧ್ಯದಲ್ಲಿ ನಿದ್ದೆ ಮಾತ್ರೆಯ ಅಮಲಿನಲ್ಲಿ ಒಬ್ಬ ಮಾತಾಡುತ್ತಾ ಮಾತಾಡುತ್ತಾ ಒಂದು ನಿಜದ ಅಂಚಿಗೆ ಬಂದು ನಿಲ್ಲುತ್ತಾನೆ, ಏಣಿಯ ಮೇಲಿದ್ದ ಇನ್ನೊಬ್ಬನಿಗೆ ಅದು ಗೊತ್ತೇ ಆಗುವುದಿಲ್ಲ, ನೋಡುವ ನಮಗೆ ಎದೆ ಡವಡವ ಅನ್ನುತ್ತದೆ. ಆದರೆ ಆ ನಿಜ ಏನು ಅಂತ ಗೊತ್ತಿರಬೇಕಾದರೆ ಎರಡನೇ ಸೀಸನ್ ಮುಗಿಸಿರಬೇಕು. ಇಲ್ಲದಿದ್ದರೆ ಅದು ನಿಜವಾಗಿಯೂ ಇಬ್ಬರು ನೊಣ ಹೊಡೆಯುವ ಕಥೆ. ನಾಟಕ ನೋಡುವ ಅಭ್ಯಾಸ ಇರುವವರಿಗೆ ಹಿಡಿಸುತ್ತದೆ, ‘ಮುಂದೇನಾಯ್ತು’ ಅಂತ ಓಡುವವರಿಗೆ ಹಿಡಿಸುವುದಿಲ್ಲ. ಯಾರಾದರೂ "ನಾನು ಮೂರನೇ ಸೀಸನ್ನಿಗೆ ಬಂದೆ, ನೊಣದ ಎಪಿಸೋಡ್ ಬಿಟ್ಟುಬಿಡಲಾ?" ಅಂತ ಕೇಳಿದರೆ ಬೇಡ ಅನ್ನಿ. ಬಿಟ್ಟರೆ ಕಥೆ ಎಲ್ಲೂ ನಿಲ್ಲುವುದಿಲ್ಲ ಅನ್ನುವುದು ನಿಜವೇ. ಆದರೂ ಬೇಡ.

ಕಂತೇ ಕೇಳದ ಸೀರೀಸ್: ‘ಬ್ಲ್ಯಾಕ್ ಮಿರರ್’

ಇಲ್ಲಿ ಒಂದೊಂದು ಎಪಿಸೋಡೂ ಬೇರೆ ಕಥೆ, ಬೇರೆ ನಟರು. ಎಲ್ಲಿಂದ ಬೇಕಾದರೂ ನೋಡಬಹುದು. ಆದರೂ ಜನ ಶಿಸ್ತಾಗಿ ಮೊದಲನೆಯದರಿಂದಲೇ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. 2011ರ ಡಿಸೆಂಬರ್‌ನಲ್ಲಿ ಬಂದ ಆ ಮೊದಲನೆಯದು ‘ದಿ ನ್ಯಾಷನಲ್ ಆಂಥಮ್’. ಬ್ರಿಟನ್ನಿನ ರಾಜಕುಮಾರಿಯನ್ನು ಯಾರೋ ಅಪಹರಿಸಿ, ಬಿಡಬೇಕಾದರೆ ಪ್ರಧಾನಿ ಟಿವಿಯಲ್ಲಿ ಒಂದು ಅಸಹ್ಯದ ಕೆಲಸ ಮಾಡಬೇಕು ಅಂತ ಪಟ್ಟು ಹಿಡಿಯುತ್ತಾರೆ. ಬರವಣಿಗೆ ಚುರುಕಾಗಿದೆ, ಇಲ್ಲ ಅನ್ನಲ್ಲ. ಆದರೆ ಅಪ್ಪ ಅಮ್ಮನ ಜೊತೆ ಕೂತು ಅದನ್ನು ಹಾಕಿದವರ ಮುಖ ನಾನು ನೋಡಿದ್ದೇನೆ. (ಕನ್ನಡಿಯಲ್ಲಿ.) ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ಹಾಗಾದರೆ ಎಲ್ಲಿಂದ? ನನ್ನ ಮಟ್ಟಿಗೆ ಪೈಪೋಟಿ ಮೂರರ ನಡುವೆ. ‘ದಿ ಎಂಟೈರ್ ಹಿಸ್ಟರಿ ಆಫ್ ಯು’ ಮೊದಲ ಸೀಸನ್ನಿನದೇ, 2011. ಕಿವಿಯ ಹಿಂದೆ ಒಂದು ಕಾಳಿನಷ್ಟು ಚಿಪ್, ಕಂಡದ್ದೆಲ್ಲ ರೆಕಾರ್ಡ್ ಆಗುತ್ತದೆ, ಬೇಕೆಂದಾಗ ಹಿಂದೆ ತಿರುಗಿಸಿ ನೋಡಬಹುದು, ಬೇರೆಯವರಿಗೂ ಪರದೆ ಮೇಲೆ ತೋರಿಸಬಹುದು. ಇಂಥ ಲೋಕದಲ್ಲಿ ಒಬ್ಬ ಗಂಡನಿಗೆ ಹೆಂಡತಿಯ ಮೇಲೆ ಒಂಚೂರು ಅನುಮಾನ ಬರುತ್ತದೆ. ಅಷ್ಟು ಸಾಕು. ಬರೆದದ್ದು ಜೆಸ್ಸಿ ಆರ್ಮ್‌ಸ್ಟ್ರಾಂಗ್, ಮುಂದೆ ‘ಸಕ್ಸೆಷನ್’ ಸೀರೀಸ್ ಮಾಡಿದವನು. ಜಗಳವಾಡುವವರ ಮಾತು ಹೇಗೆ ತಿರುಗಿ ತಿರುಗಿ ಅದೇ ಜಾಗಕ್ಕೆ ಬರುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

‘ನೋಸ್‌ಡೈವ್’ 2016ರ ಮೂರನೇ ಸೀಸನ್ನಿನ ಮೊದಲನೆಯದು. ಎಲ್ಲರೂ ಎಲ್ಲರಿಗೂ ಐದರಲ್ಲಿ ಇಷ್ಟು ಅಂತ ಸ್ಟಾರ್ ಕೊಡುವ ಊರು. ತಿಳಿ ಬಣ್ಣಗಳು, ಸಿಹಿ ಸಿಹಿ ನಗು, ಕೆಳಗೆ ಇಳಿಯುತ್ತಾ ಹೋಗುವ ಅಂಕ. ಅರ್ಥ ಮಾಡಿಕೊಳ್ಳಲು ಅತಿ ಸುಲಭ, ಹರೆಯದವರ ಜೊತೆ ನೋಡಿದರೆ ಮಾತಾಡಲು ಬೇಕಾದಷ್ಟು ಸಿಗುತ್ತದೆ. ನನಗೆ ಮಾತ್ರ ಅದು ಇಪ್ಪತ್ತು ನಿಮಿಷ ಉದ್ದ ಆಯಿತು ಅನ್ನಿಸಿತು. ಐಡಿಯಾ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ, ಆಮೇಲೆ ಅವಳು ಇನ್ನೆಷ್ಟು ಬೀಳುತ್ತಾಳೆ ಅಂತ ಲೆಕ್ಕ ಹಾಕುತ್ತಾ ಕೂರುವುದಷ್ಟೇ.

ಅದೇ ಸೀಸನ್ನಿನ ‘ಸ್ಯಾನ್ ಜುನಿಪೆರೋ’ ಬೇರೆಯೇ. 1987ರ ಒಂದು ಕಡಲತೀರದ ಊರು, ಒಂದು ಡ್ಯಾನ್ಸ್ ಕ್ಲಬ್ಬು, ನಾಚಿಕೆ ಸ್ವಭಾವದ ಒಬ್ಬಳು, ಯಾವುದಕ್ಕೂ ಅಂಜದ ಇನ್ನೊಬ್ಬಳು. ಮೊದಲ ಇಪ್ಪತ್ತು ನಿಮಿಷ "ಇದರಲ್ಲಿ ಬ್ಲ್ಯಾಕ್ ಮಿರರ್ ಎಲ್ಲಿದೆ?" ಅನ್ನಿಸುತ್ತದೆ. ತಾಳಿ. 2017ರಲ್ಲಿ ಇದಕ್ಕೆ ಎರಡು ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಬಂದವು, ಬರವಣಿಗೆಗೆ ಒಂದು, ಅತ್ಯುತ್ತಮ ಟಿವಿ ಚಿತ್ರ ಅಂತ ಒಂದು. ಇಡೀ ಸೀರೀಸಿನಲ್ಲಿ ಮುಗಿದ ಮೇಲೆ ಮನಸ್ಸು ಹಗುರ ಆಗುವ ಎಪಿಸೋಡ್‌ಗಳು ಬೆರಳೆಣಿಕೆಯಷ್ಟು, ಇದು ಅದರಲ್ಲಿ ಒಂದು. ಹಾಗಂತ ಇದನ್ನೇ ಮೊದಲು ತೋರಿಸಬೇಡಿ! ಇದರ ಮೇಲೆ ಬೇರೆ ಯಾವುದು ನೋಡಿದರೂ ಜನ "ಇದ್ಯಾಕೆ ಇಷ್ಟು ಕಹಿ" ಅಂತ ಎದ್ದು ಹೋಗುತ್ತಾರೆ. ಎರಡು ಮೂರು ಕಹಿ ಎಪಿಸೋಡ್ ನೋಡಿ ಸುಸ್ತಾದವರಿಗೆ ಇದು ಎರಡು ಪಟ್ಟು ಹಿಡಿಸುತ್ತದೆ. ಕಂತು ಕೇಳದ ಸೀರೀಸಿನಲ್ಲೂ ಇದೊಂದು ಸಣ್ಣ ಕಂತು ಕೇಳುತ್ತದೆ ಅನ್ನಬಹುದು.

ಹಾಗಾಗಿ ನನ್ನ ಕ್ರಮ: ಮೊದಲು ‘ದಿ ಎಂಟೈರ್ ಹಿಸ್ಟರಿ ಆಫ್ ಯು’, ಆಮೇಲೆ ಸಮಯ ಇದ್ದರೆ 2014ರ ‘ವೈಟ್ ಕ್ರಿಸ್‌ಮಸ್’ (ಒಂದಕ್ಕೊಂದು ಹೆಣೆದುಕೊಂಡ ಮೂರು ಕಥೆ, ಕಾಲು ಗಂಟೆ ಜಾಸ್ತಿ ಇಟ್ಟುಕೊಳ್ಳಿ), ಆಮೇಲೆ ‘ಸ್ಯಾನ್ ಜುನಿಪೆರೋ’. ಹೊಸದೇ ಬೇಕು ಅನ್ನುವವರಿಗೆ 2025ರ ‘ಕಾಮನ್ ಪೀಪಲ್’ ಇದೆ. ಹೆಂಡತಿಯ ಮಿದುಳು ನಡೆಯಲು ತಿಂಗಳ ತಿಂಗಳ ಚಂದಾ ಕಟ್ಟಬೇಕಾದ ಗಂಡನ ಕಥೆ. ಅಲ್ಲಿ ಕಂತು ಕಟ್ಟುವವನು ಕಥೆಯೊಳಗೇ ಇದ್ದಾನೆ. ಮಲಗುವ ಮುಂಚೆ ನೋಡಬೇಡಿ.

ಇಪ್ಪತ್ತು ನಿಮಿಷವೋ, ಒಂದು ಗಂಟೆಯೋ: ‘ದಿ ಬೇರ್’

ಒಂದು ಹೋಟೆಲಿನ ಅಡುಗೆಮನೆಯ ಸುತ್ತ ನಡೆಯುವ ಈ ಸೀರೀಸಿನ ಬಗ್ಗೆ ನಮ್ಮ ಮನೆಯಲ್ಲೇ ಜಗಳ ಇದೆ. ಮೊದಲ ಸೀಸನ್ (2022) ಏಳನೇ ಎಪಿಸೋಡ್ ‘ರಿವ್ಯೂ’. ಸುಮಾರು ಇಪ್ಪತ್ತು ನಿಮಿಷ, ಅದರ ಬಹುಪಾಲು ಒಂದೇ ಶಾಟ್, ಕಟ್ಟೇ ಇಲ್ಲ. ಸಣ್ಣ ಅಡುಗೆಮನೆ, ಆರ್ಡರ್ ಮೇಲೆ ಆರ್ಡರ್, ಪ್ರಿಂಟರಿನಿಂದ ಚೀಟಿ ಹೊರಗೆ ಬರುವುದು ನಿಲ್ಲುವುದೇ ಇಲ್ಲ. ಕ್ಯಾಮೆರಾ ಒಬ್ಬರಿಂದ ಒಬ್ಬರಿಗೆ ಓಡುತ್ತದೆ, ಎಲ್ಲರ ತಲೆಯೂ ಒಂದೊಂದಾಗಿ ಕೆಡುತ್ತದೆ. ಎರಡನೇ ಸೀಸನ್ (2023) ಆರನೆಯದು ‘ಫಿಶಸ್’. ಒಂದು ಗಂಟೆಗೂ ಜಾಸ್ತಿ. ಐದು ವರ್ಷ ಹಿಂದಿನ ಒಂದು ಕ್ರಿಸ್‌ಮಸ್ ರಾತ್ರಿ, ಇಡೀ ಕುಟುಂಬ ಊಟಕ್ಕೆ ಸೇರಿದೆ, ತಾಯಿ ಜೇಮೀ ಲೀ ಕರ್ಟಿಸ್. ಅವಳಿಗೂ, ದೊಡ್ಡ ಮಗನಾದ ಜಾನ್ ಬರ್ನ್‌ಥಾಲ್‌ಗೂ, ನಿರ್ದೇಶನಕ್ಕೂ ಎಮ್ಮಿ ಬಂತು. ಅದರ ಬೆನ್ನಿಗೇ ಏಳನೆಯದು ‘ಫೋರ್ಕ್ಸ್’. ಕೂಗಾಟ ಬಿಟ್ಟರೆ ಏನೂ ಗೊತ್ತಿಲ್ಲದ ರಿಚಿಯನ್ನು ಒಂದು ವಾರ ಭಾರೀ ಶಿಸ್ತಿನ ಹೋಟೆಲಿಗೆ ಕೆಲಸ ಕಲಿಯಲು ಕಳಿಸುತ್ತಾರೆ, ಅವನು ಮೊದಲ ದಿನಗಳೆಲ್ಲ ಫೋರ್ಕ್ ಒರೆಸುತ್ತಾನೆ.

‘ಫಿಶಸ್’ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ, ನಟನೆ ನೋಡಿದರೆ ಹೌದು. ನನಗೆ ಮಾತ್ರ ಅದರಲ್ಲಿ ನಟರ ಮೆರವಣಿಗೆ ಜಾಸ್ತಿ ಕಂಡಿತು. ಬಾಗಿಲು ತೆಗೆದಾಗೆಲ್ಲ ಒಬ್ಬ ಹೆಸರಾಂತ ಮುಖ, ಅವರೂ ಕೂಗಬೇಕು, ಇವರೂ ಕೂಗಬೇಕು. ಮನೆಗಳಲ್ಲಿ ಜಗಳ ಹಾಗೆ ಆಗುವುದಿಲ್ಲ, ನಡುನಡುವೆ ಟಿವಿ ನೋಡಿಕೊಂಡು ಸುಮ್ನೆ ಕೂರುವ ಹತ್ತು ನಿಮಿಷ ಇದ್ದೇ ಇರುತ್ತದೆ. ‘ರಿವ್ಯೂ’ ಅದೇ ಒತ್ತಡವನ್ನು ಮೂರನೇ ಒಂದು ಭಾಗ ಸಮಯದಲ್ಲಿ ಕೊಡುತ್ತದೆ. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಿಲ್ಲದಿದ್ದರೂ ಕೈ ಬೆವರುತ್ತದೆ. ಹೊಸಬರಿಗೆ ಅದೇ ಸರಿ, ಬಿಪಿ ಇರುವವರಿಗೆ ಬೇಡ.

ಆದರೆ ಮೂರರಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ‘ಫೋರ್ಕ್ಸ್’. ಅದು ಸ್ವಲ್ಪ ಕಂತು ಕೇಳುತ್ತದೆ ನಿಜ. ರಿಚಿ ಹಿಂದೆ ಎಂಥ ತಲೆನೋವಿನ ಮನುಷ್ಯ ಆಗಿದ್ದ ಅಂತ ಗೊತ್ತಿದ್ದರೆ ಅವನು ಕಡೆಗೆ ಸೂಟು ಹಾಕಿ ನಿಂತಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಗೊತ್ತಿಲ್ಲದವರಿಗೆ? ನನ್ನ ಅಕ್ಕನಿಗೆ ಏನೂ ಹೇಳದೆ ಹಾಕಿ ನೋಡಿದೆ. "ಇವನು ಮೊದಲು ಕೆಟ್ಟವನಾಗಿದ್ನಾ?" ಅಂತ ಐದೇ ನಿಮಿಷಕ್ಕೆ ಕೇಳಿದಳು. ಅಷ್ಟು ಗೊತ್ತಾದರೆ ಸಾಕಲ್ವಾ. ಉಳಿದದ್ದನ್ನು ಎಪಿಸೋಡೇ ಅವಳ ಪರವಾಗಿ ಕಟ್ಟಿಕೊಂಡಿತು.

ನಗುವ ಎಪಿಸೋಡ್‌ಗಳಲ್ಲಿ ಒಂದು ಅಪಾಯ ಇದೆ

ಕಾಮಿಡಿಯಲ್ಲಿ ಕಂತಿನ ತೊಂದರೆ ಇಲ್ಲ ಅಂದುಕೊಂಡಿದ್ದೆ. ‘ದಿ ಆಫೀಸ್’ನ ಅಮೆರಿಕನ್ ಅವತಾರದ ‘ಡಿನ್ನರ್ ಪಾರ್ಟಿ’ (2008, ನಾಲ್ಕನೇ ಸೀಸನ್) ಒಬ್ಬರಿಗೆ ತೋರಿಸಿದ ಮೇಲೆ ಆ ನಂಬಿಕೆ ಹೋಯಿತು. ಬಾಸ್ ಮೈಕಲ್ ತನ್ನ ಮನೆಗೆ ಜಿಮ್ ಮತ್ತು ಪ್ಯಾಮ್‌ನನ್ನು ಸುಳ್ಳು ಹೇಳಿ ಊಟಕ್ಕೆ ಎಳೆದು ತರುತ್ತಾನೆ, ಅವರ ಎದುರಿಗೇ ಅವನಿಗೂ ಅವನ ಪ್ರೇಯಸಿ ಜ್ಯಾನ್‌ಗೂ ಯುದ್ಧ ನಡೆಯುತ್ತದೆ. ಸೀರೀಸ್ ಬಲ್ಲವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಗೊತ್ತಿಲ್ಲದವರಿಗೆ ಅದು ಒಂದು ಹಾಳಾದ ಸಂಸಾರ, ನೋಡಲು ಮುಜುಗರ. ಹಾಗಂತ ಮೊದಲ ಎಪಿಸೋಡಿಗೆ ಹೋದರೆ ಅದು 2005ರಲ್ಲಿ ಬ್ರಿಟಿಷ್ ಮೂಲದ ಮೊದಲ ಎಪಿಸೋಡನ್ನೇ ಹೆಚ್ಚುಕಮ್ಮಿ ನಕಲು ಹೊಡೆದು ಮಾಡಿದ್ದು, ಬೇರೆಯವರ ಅಂಗಿ ಹಾಕಿಕೊಂಡ ಹಾಗಿದೆ. ಎರಡನೆಯದು ‘ಡೈವರ್ಸಿಟಿ ಡೇ’, ಅಲ್ಲಿಂದ ಶುರು ಮಾಡಿ. ಅದು ಅವರದೇ ಅಂಗಿ.

‘ಫ್ರೆಂಡ್ಸ್’ ವಿಷಯದಲ್ಲಿ ಎಲ್ಲರೂ ನಾಲ್ಕನೇ ಸೀಸನ್ನಿನ ಕ್ವಿಜ್ ಎಪಿಸೋಡ್ ಹೇಳುತ್ತಾರೆ. 1998ರ ‘ದಿ ಒನ್ ವಿತ್ ದಿ ಎಂಬ್ರಿಯೋಸ್’. ಯಾರಿಗೆ ಯಾರ ಬಗ್ಗೆ ಎಷ್ಟು ಗೊತ್ತು ಅಂತ ಪಂದ್ಯ, ಪಣಕ್ಕಿಟ್ಟದ್ದು ಮನೆಯನ್ನೇ. ಒಳ್ಳೆಯದು. ಆದರೆ ಅದರ ಅರ್ಧ ನಗು ಚಾಂಡ್ಲರ್ ಯಾವ ಕೆಲಸ ಮಾಡುತ್ತಾನೆ ಅಂತ ನಮಗೂ ಇಷ್ಟು ದಿನ ಗೊತ್ತಿರಲಿಲ್ಲ ಅನ್ನುವುದರಲ್ಲಿದೆ. ಹೊಸಬರಿಗೆ ನಾನು ಹಾಕುವುದು 1996ರ ‘ದಿ ಒನ್ ವೇರ್ ನೋ ಒನ್ಸ್ ರೆಡಿ’. ಒಂದು ಕೋಣೆ, ಆರು ಜನ, ಸಮಾರಂಭಕ್ಕೆ ಹೊರಡಲು ಇನ್ನು ಇಪ್ಪತ್ತು ಚಿಲ್ಲರೆ ನಿಮಿಷ, ಯಾರೂ ರೆಡಿ ಇಲ್ಲ. ಎಪಿಸೋಡ್ ಇರುವುದೂ ಇಪ್ಪತ್ತು ಚಿಲ್ಲರೆ ನಿಮಿಷವೇ. ಜೋಯಿ ಕೊನೆಗೆ ಚಾಂಡ್ಲರನ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಬರುತ್ತಾನೆ. ಇದಕ್ಕೆ ಹಿಂದಿನ ಕಥೆ ಯಾಕೆ ಬೇಕು? ಹೊರಡುವ ಹೊತ್ತಿಗೆ ಮನೆಯಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

‘ಸೈನ್‌ಫೆಲ್ಡ್’ನಲ್ಲೂ ಅದೇ ನಿಯಮ. 1992ರ ‘ದಿ ಕಾಂಟೆಸ್ಟ್’ಗೆ ಎಮ್ಮಿ ಬಂದಿದೆ, ಹೆಸರು ದೊಡ್ಡದು, ಆದರೆ ಆ ನಾಲ್ವರ ಸ್ವಭಾವ ಗೊತ್ತಿದ್ದಷ್ಟೂ ಜಾಸ್ತಿ ನಗು. 1991ರ ‘ದಿ ಚೈನೀಸ್ ರೆಸ್ಟೋರೆಂಟ್’ ಬರೀ ಟೇಬಲ್ಲಿಗೆ ಕಾಯುವುದು. "ಇನ್ನು ಐದು ಹತ್ತು ನಿಮಿಷ" ಅನ್ನುತ್ತಲೇ ಇರುತ್ತಾನೆ ಅಲ್ಲಿನವನು. ಕಥೆಯೇ ಇಲ್ಲ ಅಂತ ಚಾನೆಲ್ಲಿನ ದೊಡ್ಡವರು ಇದನ್ನು ಮಾಡಲು ಒಪ್ಪಿರಲಿಲ್ಲ. ನನ್ನ ಓಟು ಇದಕ್ಕೆ.

ಒಟ್ಟಾರೆ ಗಮನಿಸಿ ನೋಡಿ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುವ ಕಾಮಿಡಿ ಎಪಿಸೋಡ್‌ಗಳು ಹೊಸಬರಿಗೆ ಬೇಗ ಹಿಡಿಸುತ್ತವೆ. ‘ಫ್ಲೈ’ಗೆ ಇದು ಯಾಕೆ ಕೆಲಸ ಮಾಡಲಿಲ್ಲ ಅಂದರೆ ಅಲ್ಲಿ ಕೋಣೆಯೊಳಗೆ ಹಳೆಯ ಸಾಲ ಇತ್ತು, ಇಲ್ಲಿ ಇಲ್ಲ.

ಆಕಾಶ, ಕಾಲ, ಕಲ್ಲಿನ ಗೊಂಬೆ

‘ಡಾಕ್ಟರ್ ಹೂ’ 1963ರಿಂದ ಇರುವ ಸೀರೀಸ್, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ‘ಡಾಕ್ಟರ್’ ಅನ್ನುವವನ ಕಥೆ. ಎಲ್ಲಿಂದ ಶುರು ಅಂತ ಕೇಳಿದರೆ ತಲೆ ತಿರುಗುತ್ತದೆ. ಉತ್ತರ ಮಾತ್ರ ಸುಲಭ: 2007ರ ‘ಬ್ಲಿಂಕ್’. ಇದರಲ್ಲಿ ಡಾಕ್ಟರ್ ಇರುವುದೇ ಕೆಲವು ನಿಮಿಷ. ಕ್ಯಾರಿ ಮಲ್ಲಿಗನ್ ಮಾಡಿದ ಸ್ಯಾಲಿ ಅನ್ನುವ ಹುಡುಗಿಗೂ ನಮ್ಮ ಹಾಗೇ ಏನೂ ಗೊತ್ತಿಲ್ಲ, ಅವಳು ಕಲಿತದ್ದನ್ನೇ ನಾವೂ ಕಲಿಯುತ್ತೇವೆ. ನೋಡುತ್ತಿರುವಾಗ ಕಲ್ಲಾಗಿರುವ, ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಗೊಂಬೆಗಳು. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ ಎಪಿಸೋಡ್. 2015ರ ‘ಹೆವೆನ್ ಸೆಂಟ್’ ಇದಕ್ಕಿಂತ ದೊಡ್ಡ ಸಾಧನೆ ಅನ್ನುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ. ಡಾಕ್ಟರ್ ಪಾತ್ರದ ಪೀಟರ್ ಕಪಾಲ್ಡಿ ಹೆಚ್ಚುಕಮ್ಮಿ ಒಬ್ಬನೇ, ಒಂದು ಕೋಟೆಯೊಳಗೆ. ಅವನ ದುಃಖ ಏನು ಅಂತ ಗೊತ್ತಿಲ್ಲದವರಿಗೆ ಅದು ಒಗಟು ಮಾತ್ರ. ಮೊದಲು ‘ಬ್ಲಿಂಕ್’, ‘ಹೆವೆನ್ ಸೆಂಟ್’ ಆಮೇಲೆ, ತುಂಬಾ ಆಮೇಲೆ.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ 1987ರ ಮೊದಲ ಎಪಿಸೋಡಿನಿಂದ ಶುರು ಮಾಡಿದವರು ಎರಡನೇ ವಾರಕ್ಕೆ ಬಿಟ್ಟರೆ ನಾನು ಬೈಯುವುದಿಲ್ಲ. 1992ರ ‘ದಿ ಇನ್ನರ್ ಲೈಟ್’ ಒಂದು ಕಡೆ. ಕ್ಯಾಪ್ಟನ್ ಪಿಕಾರ್ಡ್ ಅರ್ಧ ಗಂಟೆಯೊಳಗೆ ಇನ್ನೊಬ್ಬನ ಇಡೀ ಬಾಳು ಬಾಳಿ ಬರುತ್ತಾನೆ, ಮಕ್ಕಳು ಮರಿ ಎಲ್ಲ. ಇನ್ನೊಂದು ಕಡೆ 1989ರ ‘ದಿ ಮೆಷರ್ ಆಫ್ ಎ ಮ್ಯಾನ್’. ಡೇಟಾ ಅನ್ನುವ ಯಂತ್ರಮಾನವ ಒಬ್ಬ ವ್ಯಕ್ತಿಯೋ, ಇಲಾಖೆಯ ಸಾಮಾನೋ ಅಂತ ವಿಚಾರಣೆ. ಕಣ್ಣಲ್ಲಿ ನೀರು ಬರಬೇಕಾದರೆ ಮೊದಲನೆಯದು. ಊಟದ ಹೊತ್ತಿಗೆ ವಾದ ಮಾಡಬೇಕಾದರೆ ಎರಡನೆಯದು, ಮೂವತ್ತೈದು ವರ್ಷಕ್ಕಿಂತ ಹಳೆಯದಾದರೂ ಈಗಲೇ ಅದಕ್ಕೆ ಜಾಸ್ತಿ ಬೆಲೆ.

ಯುದ್ಧ ತೋರಿಸಬೇಕು ಅನ್ನುವವರಿಗೆ

‘ಗೇಮ್ ಆಫ್ ಥ್ರೋನ್ಸ್’ನ ದೊಡ್ಡ ಯುದ್ಧಗಳಲ್ಲಿ ನಾಲ್ಕನ್ನು ತೆಗೆದುಕೊಳ್ಳೋಣ. 2012ರ ‘ಬ್ಲ್ಯಾಕ್‌ವಾಟರ್’, 2015ರ ‘ಹಾರ್ಡ್‌ಹೋಮ್’, 2016ರ ‘ಬ್ಯಾಟಲ್ ಆಫ್ ದಿ ಬಾಸ್ಟರ್ಡ್ಸ್’, 2019ರ ‘ದಿ ಲಾಂಗ್ ನೈಟ್’. ಕೊನೆಯ ಮೂರನ್ನೂ ಮಾಡಿದ್ದು ಮಿಗೆಲ್ ಸಪೋಚ್ನಿಕ್.

‘ದಿ ಲಾಂಗ್ ನೈಟ್’ 82 ನಿಮಿಷ, 55 ರಾತ್ರಿ ಶೂಟಿಂಗ್, ಪಾಪ ಅಷ್ಟು ಕಷ್ಟಪಟ್ಟದ್ದು ಯಾರಿಗೂ ಕಾಣಿಸಲಿಲ್ಲ, ಕತ್ತಲೆ. ಬೇಕಂತಲೇ ಹಾಗೆ ಮಾಡಿದ್ದು, ನಿಮ್ಮ ಟಿವಿ ಸೆಟ್ಟಿಂಗ್ ನೋಡಿಕೊಳ್ಳಿ ಅಂತ ಛಾಯಾಗ್ರಾಹಕರು ಹೇಳಿದರು. ನಾನು ನೋಡಿಕೊಂಡೆ. ಲೈಟ್ ಆರಿಸಿ, ಪರದೆ ಎಳೆದು ನೋಡಿದರೆ ಸ್ವಲ್ಪ ಪರವಾಗಿಲ್ಲ. ಮಧ್ಯಾಹ್ನ ನೋಡಲು ಹೋಗಬೇಡಿ, ನಿಮ್ಮ ಮುಖವೇ ಕಾಣಿಸುತ್ತದೆ.

‘ಬ್ಯಾಟಲ್ ಆಫ್ ದಿ ಬಾಸ್ಟರ್ಡ್ಸ್’ಗೆ ಎಮ್ಮಿ ಬಂತು, ಸರಿಯಾಗಿಯೇ ಬಂತು. ಹೆಣಗಳ ರಾಶಿಯ ಕೆಳಗೆ ಸಿಕ್ಕಿಹಾಕಿಕೊಂಡು ಉಸಿರಿಗಾಗಿ ಒದ್ದಾಡುವ ಆ ದೃಶ್ಯದಲ್ಲಿ ನಾನೂ ಉಸಿರು ಹಿಡಿದಿದ್ದೆ. ಯುದ್ಧದ ಮಜಾ ಹೊಸಬರಿಗೂ ಸಿಗುತ್ತದೆ, ದ್ವೇಷದ ಮಜಾ ಸಿಗುವುದಿಲ್ಲ. ಎದುರಿಗಿರುವ ಆ ಪಾಪಿಯನ್ನು ಸೀಸನ್‌ಗಟ್ಟಲೆ ಶಪಿಸಿದವರಿಗೆ ಮಾತ್ರ ಅದು ಪೂರ್ತಿ ದಕ್ಕುವುದು. ‘ಹಾರ್ಡ್‌ಹೋಮ್’ ಆ ವಿಷಯದಲ್ಲಿ ಉದಾರಿ. ಎದುರಿಗೆ ಬರುವುದು ಸತ್ತವರ ಸೈನ್ಯ, ಅವರ ಹೆಸರು ಕುಲ ಗೋತ್ರ ಗೊತ್ತಿರಬೇಕಾಗಿಲ್ಲ. ಆದರೆ ಯುದ್ಧ ಬರುವುದು ಕೊನೆಯ ಭಾಗದಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಊರುಗಳ ಸುದ್ದಿ.

ಹೊಸಬರಿಗೆ ನಾನು ಹಾಕುವುದು ಎಲ್ಲಕ್ಕಿಂತ ಹಳೆಯ ‘ಬ್ಲ್ಯಾಕ್‌ವಾಟರ್’. ಇಡೀ ಎಪಿಸೋಡ್ ಒಂದೇ ನಗರದಲ್ಲಿ, ಒಂದೇ ರಾತ್ರಿ. ಹೊರಗೆ ಮುತ್ತಿಗೆ, ಒಳಗೆ ಹೆದರಿಕೆ. ಉಳಿದ ಮೂರರಷ್ಟು ಭಾರೀ ಅಲ್ಲ, ಆದರೆ ಯಾರು ಎಲ್ಲಿದ್ದಾರೆ, ಯಾಕೆ ಹೊಡೆದಾಡುತ್ತಿದ್ದಾರೆ ಅಂತ ಒಂದು ಸಲವೂ ಗಲಿಬಿಲಿ ಆಗುವುದಿಲ್ಲ.

ಮಾತು ಅಡ್ಡ ಬರುವವರಿಗೆ

ಸಬ್‌ಟೈಟಲ್ ಓದಿ ಓದಿ ಸುಸ್ತಾಗುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ‘ಬೋಜ್ಯಾಕ್ ಹಾರ್ಸ್‌ಮ್ಯಾನ್’ನ ‘ಫಿಶ್ ಔಟ್ ಆಫ್ ವಾಟರ್’ (2016) ಹಾಕಿ. ನೀರಿನಡಿಯ ಊರಿನಲ್ಲಿ ನಡೆಯುವ ಕಾರ್ಟೂನ್, ಹೆಚ್ಚುಕಮ್ಮಿ ಪೂರ್ತಿ ಮಾತಿಲ್ಲ. ಅದೇ ಸೀರೀಸಿನ ‘ಫ್ರೀ ಚುರೋ’ (2018) ಇದಕ್ಕೆ ಉಲ್ಟಾ. ಒಂದು ಶವಪೆಟ್ಟಿಗೆಯ ಪಕ್ಕ ನಿಂತು ಒಬ್ಬನೇ ಇಪ್ಪತ್ತಕ್ಕೂ ಜಾಸ್ತಿ ನಿಮಿಷ ಮಾತಾಡುತ್ತಾನೆ, ಬೇರೆ ಏನೂ ಆಗುವುದಿಲ್ಲ. ಬರೆದವರ ಧೈರ್ಯಕ್ಕೆ ಎರಡೂ ಸಮ. ತೋರಿಸಲು ಮೊದಲನೆಯದು, ಒಬ್ಬರೇ ಕೂತು ನೋಡಲು ಎರಡನೆಯದು.

‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಸೀರೀಸಿನ ‘ಹಶ್’ (1999) ಇದೇ ಜಾತಿ. ಊರಿನವರ ದನಿಯೆಲ್ಲ ಕಳುವಾಗುತ್ತದೆ. ನಗುವೂ ಇದೆ, ರಾತ್ರಿ ಕಿಟಕಿ ಕಡೆ ನೋಡಲು ಹೆದರಿಕೆಯೂ ಆಗುತ್ತದೆ. ಅದೇ ಸೀರೀಸಿನ ‘ದಿ ಬಾಡಿ’ಯಲ್ಲಿ (2001) ಹಿನ್ನೆಲೆ ಸಂಗೀತವೇ ಇಲ್ಲ. ಅದು ಇದಕ್ಕಿಂತ ಒಳ್ಳೆಯದು ಅಂತ ನನ್ನ ಎಣಿಕೆ, ಆದರೆ ಅದು ಐದು ಸೀಸನ್ನಿನ ಕಂತು ಕೇಳುತ್ತದೆ.

ನಮ್ಮಲ್ಲಿ ‘ಮಾಲ್ಗುಡಿ ಡೇಸ್’ ಇದೆಯಲ್ಲ, 1986ರಲ್ಲಿ ಶುರುವಾದ ಶಂಕರ್ ನಾಗ್ ನಿರ್ದೇಶನದ್ದು. ಅದರಲ್ಲೂ ಸ್ವಾಮಿಯ ಕಥೆ ಹಲವು ಕಂತು ಹರಿಯುತ್ತದೆ, ಉಳಿದವು ಬಹುಪಾಲು ಬಿಡಿ ಬಿಡಿ. ಎಲ್ಲರೂ ಸ್ವಾಮಿಯನ್ನೇ ತೋರಿಸುತ್ತಾರೆ. ನಾನು ‘ದಿ ಮಿಸ್ಸಿಂಗ್ ಮೇಲ್’ ಹಾಕುತ್ತೇನೆ. ಬೀದಿಯ ಪ್ರತಿ ಮನೆಯ ಸುಖ ದುಃಖ ಬಲ್ಲ ಒಬ್ಬ ಪೋಸ್ಟ್‌ಮ್ಯಾನ್, ತಲುಪಿಸಬೇಕಾದ ಹೊತ್ತಿಗೆ ತಲುಪಿಸದ ಒಂದು ಕಾಗದ. ಅಷ್ಟೇ ಹೇಳುತ್ತೇನೆ.

ಕೊನೆಯ ಎಪಿಸೋಡ್‌ಗಳ ಬಗ್ಗೆ ಹೋಲಿಕೆಯೇ ಬೇಡ. ಮಾಫಿಯಾ ಕಥೆಯ ‘ಸೊಪ್ರಾನೋಸ್’ 2007ರಲ್ಲಿ ತಟ್ಟನೆ ಕಪ್ಪು ಪರದೆಯಾಗಿ ಮುಗಿದಾಗ ಕೇಬಲ್ ಹೋಯಿತು ಅಂದುಕೊಂಡವರಿದ್ದರು. ಮುಂಚಿನದೆಲ್ಲ ನೋಡದೆ ಅದೊಂದನ್ನೇ ನೋಡಿದರೆ ನಿಜವಾಗಿಯೂ ಕೇಬಲ್ ಹೋದ ಹಾಗೇ. ಆ ಸೀರೀಸಿನ ರುಚಿ ಬೇಕಾದರೆ 1999ರ ‘ಕಾಲೇಜ್’ ನೋಡಿ, ಐದನೆಯದು. ಮಗಳಿಗೆ ಕಾಲೇಜು ತೋರಿಸಲು ಹೋದ ಅಪ್ಪ ದಾರಿಯಲ್ಲಿ ಒಬ್ಬ ಹಳೆಯ ಶತ್ರುವನ್ನು ನೋಡುತ್ತಾನೆ.

‘ದಿ ಲಾಸ್ಟ್ ಆಫ್ ಅಸ್’ನ ಮೂರನೆಯದು, 2023ರ ‘ಲಾಂಗ್, ಲಾಂಗ್ ಟೈಮ್’, ಕಂತಿನ ಲೆಕ್ಕವನ್ನೇ ತಲೆಕೆಳಗೆ ಮಾಡಿದ ಎಪಿಸೋಡ್. ಮುಖ್ಯ ಕಥೆಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಇಬ್ಬರನ್ನು ತಂದು, ಒಂದೂಕಾಲು ಗಂಟೆಯಲ್ಲಿ ಅವರ ಹದಿನಾರು ಹದಿನೇಳು ವರ್ಷ ತೋರಿಸುತ್ತಾರೆ. ಸಾಲ ಕೊಟ್ಟು, ಕಂತು ಕಟ್ಟಿಸಿ, ತೀರಿಸಿ ಎಲ್ಲ ಅದರೊಳಗೇ. ಯಾರಿಗೆ ಬೇಕಾದರೂ ಹಾಕಿ. ಟವೆಲ್ ಪಕ್ಕದಲ್ಲಿರಲಿ.

ಆ ಗೆಳೆಯನ ಕಥೆ ಬಾಕಿ ಇತ್ತು. ನಾನು ಹಾಳು ಮಾಡಿದ ಆ ರಾತ್ರಿಯಾದ ಎರಡು ವರ್ಷಕ್ಕೆ ಅವನು ತಾನಾಗಿಯೇ ಪೈಲಟ್‌ನಿಂದ ಶುರು ಮಾಡಿದನಂತೆ, ನನಗೆ ಹೇಳಿರಲೂ ಇಲ್ಲ. ಒಂದು ದಿನ ರಾತ್ರಿ ಒಂದು ಗಂಟೆಗೆ ಫೋನ್ ಬಂತು. "ಆ ಎಪಿಸೋಡ್ ಈಗ ನೋಡಿದೆ ಕಣೋ, ಅವನು ಮರುಭೂಮಿಯಲ್ಲಿ ಡ್ರಮ್ ಉರುಳಿಸಿಕೊಂಡು ಹೋಗ್ತಾನಲ್ಲ, ಪಕ್ಕದಲ್ಲಿ ಆ ಪ್ಯಾಂಟ್ ಬಿದ್ದಿದೆ, ಮೊದಲನೇ ಎಪಿಸೋಡಲ್ಲಿ ಹಾರಿಹೋಗಿದ್ದು, ನೀನು ನೋಡಿದ್ಯಾ?"

ನಾನು ಅಷ್ಟು ಹೊತ್ತಿಗೆ ಅದನ್ನು ನಾಲ್ಕು ಸಲ ನೋಡಿದ್ದೆ. ಪ್ಯಾಂಟ್ ನೋಡಿರಲಿಲ್ಲ. ಎದ್ದು ಹೋಗಿ ಟಿವಿ ಹಾಕಿದೆ.